ಮಕ್ಕಳಿಗೂ ಸೊಂಟವುಂಟು

ಹತ್ತು ವರ್ಷದ ಹುಡುಗ "ಸೊಂಟ ನೋಯುತ್ತದೆ" ಎಂದರೆ ನಮ್ಮ ಮನೆಗಳಲ್ಲಿ ಅಜ್ಜಿ ಮೊದಲ್ಗೊಂಡು ಎಲ್ಲರೂ ನಗುವುದು ವಾಡಿಕೆ. "ನಿನಗೆಲ್ಲಿಯದಪ್ಪಾ ಸೊಂಟ?" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ನಗೆಯಿಂದ ಹಾನಿಯಿಲ್ಲ. ಆಟದಲ್ಲಿ ಬಿದ್ದದ್ದೋ ಪುಸ್ತಕದ ಚೀಲದ ಭಾರವೋ ಕಾರಣವಾಗಿದ್ದು, ನಾಲ್ಕು ದಿನಗಳಲ್ಲಿ ನೋವು ತಾನಾಗಿ ಮಾಯವಾಗುತ್ತದೆ. ಆದರೆ ಒಂದು ವರ್ಗದ ಮಕ್ಕಳ ವಿಷಯದಲ್ಲಿ ಹೀಗೆ ನಕ್ಕು ಸುಮ್ಮನಾಗತಕ್ಕದ್ದಲ್ಲ. ದೀರ್ಘಕಾಲದ ಕರುಳಿನ ಉರಿಯೂತದಿಂದ ನರಳುವ ಮಕ್ಕಳೇ ಅವರು.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, 1932ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಬರಿಲ್ ಕ್ರೋನರೂ ಅವರ ಇಬ್ಬರು ಸಹೋದ್ಯೋಗಿಗಳೂ ವಿವರಿಸಿದ ಕ್ರೋನ್ಸ್ ಕಾಯಿಲೆ. ಇದು ಬಾಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗದಲ್ಲಾದರೂ ತಲೆದೋರಬಹುದು. ಇನ್ನೊಂದು, ದೊಡ್ಡ ಕರುಳಿಗೆ ಸೀಮಿತವಾದ ಅಲ್ಸರೇಟಿವ್ ಕೊಲೈಟಿಸ್. ಪಶ್ಚಿಮ ದೇಶಗಳ ಕಾಯಿಲೆಗಳೆಂದು ಒಂದು ಕಾಲಕ್ಕೆ ತಿಳಿದಿದ್ದ ಇವು ಈಗ ನಮ್ಮ ನಗರಗಳ ಮಕ್ಕಳಲ್ಲಿಯೂ ಕಂಡುಬರುತ್ತಿವೆ. ರೋಗಾಣುಗಳನ್ನು ಎದುರಿಸಬೇಕಾದ ದೇಹದ ರಕ್ಷಣಾಶಕ್ತಿ ಕರುಳಿನ ಒಳಪೊರೆಯನ್ನೇ ಬೇಯಿಸತೊಡಗುತ್ತದೆ. ಅದು ಅಲ್ಲಿಗೇ ನಿಲ್ಲದೆ ಚರ್ಮಕ್ಕೂ ಕಣ್ಣಿಗೂ ಹೋಗುವುದುಂಟು. ಕರುಳಿನ ಹೊರಗೆ ಅತಿ ಹೆಚ್ಚಾಗಿ ಅದು ಕಾಣಿಸಿಕೊಳ್ಳುವುದು ಕೀಲುಗಳಲ್ಲಿ.

ಕೀಲುಗಳ ನೋವಿನಲ್ಲಿಯೂ ಭೇದವುಂಟು. ಮೊಣಕಾಲು, ಕಾಲಿನ ಹರಡು ಮೊದಲಾದ ದೊಡ್ಡ ಕೀಲುಗಳು ಊದಿಕೊಂಡಾಗ, ಸಾಮಾನ್ಯವಾಗಿ ಹೊಟ್ಟೆಯ ಉಪದ್ರವವೂ ಹೆಚ್ಚಿರುತ್ತದೆ. ಹೊಟ್ಟೆ ಶಾಂತವಾದರೆ ಕೀಲುಗಳೂ ಶಾಂತವಾಗುತ್ತವೆ. ಬೆನ್ನಿನ ಕೆಳಭಾಗದ, ಅಂದರೆ ಬೆನ್ನುಮೂಳೆ ಕಟಿಯೊಡನೆ ಕೂಡುವ ಕೀಲುಗಳ, ಸಂಗತಿಯೇ ಬೇರೆ. ಮಗುವಿಗೆ ಭೇದಿ ನಿಂತಿದೆ, ಊಟ ಸೇರುತ್ತಿದೆ, ಕರುಳು ಗುಣವಾಯಿತೆಂದು ಮನೆಯವರು ಸಮಾಧಾನದಿಂದಿರುವಾಗಲೇ ಸೊಂಟನೋವು ತಲೆಯೆತ್ತಬಹುದು. ಕೆಲವು ಮಕ್ಕಳಲ್ಲಿ ಕೀಲುನೋವು ಮೊದಲು ಬಂದು, ಕರುಳಿನ ಕಾಯಿಲೆ ಆಮೇಲೆ ಬಯಲಾಗುವುದೂ ಉಂಟು. ಕಾರಣ ತಿಳಿಯದ ನೋವೆಂದು ಇದನ್ನು ಬದಿಗಿಡುವುದು ಈ ಕಾರಣದಿಂದಲೇ.

ಇದನ್ನು ಗುರುತಿಸುವುದು ತಾಯಿತಂದೆಗಳಿಗೆ ಅಸಾಧ್ಯವಲ್ಲ. ಆಟದ ನೋವು ವಿಶ್ರಾಂತಿಯಿಂದ ಇಳಿಯುತ್ತದೆ. ಈ ನೋವು ವಿಶ್ರಾಂತಿಯಿಂದ ಏರುತ್ತದೆ, ಓಡಾಡಿದರೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗ ಸೊಂಟ ಮರಗಟ್ಟಿದಂತಿದ್ದು, ಸಡಿಲವಾಗಲು ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಅಪರಾತ್ರಿಯಲ್ಲಿ ನೋವಿನಿಂದಲೇ ಎಚ್ಚರವಾಗುವುದುಂಟು. ಒಮ್ಮೆ ಬಲ ಪೃಷ್ಠ, ಒಮ್ಮೆ ಎಡ ಪೃಷ್ಠ ನೋಯುವುದು, ಹಿಮ್ಮಡಿ ಊರಲಾಗದಿರುವುದು ಇವೂ ಇದರ ಗುರುತುಗಳೇ. ಇವುಗಳೊಡನೆ ತೂಕ ಏರದಿರುವುದು, ಹೋದ ವರ್ಷದ ಬಟ್ಟೆ ಈ ವರ್ಷವೂ ಸರಿಹೊಂದುವುದು, ಬಾಯಿಹುಣ್ಣು, ಮಲದಲ್ಲಿ ರಕ್ತ ಇದ್ದರೆ ತಡಮಾಡಬಾರದು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮೊದಲ ದಿನಗಳಲ್ಲಿ ಎಕ್ಸ್‌ರೇ ನಿರ್ಮಲವಾಗಿರುವುದೇ ಹೆಚ್ಚು, ಎಂ.ಆರ್.ಐ. ಪರೀಕ್ಷೆಯಲ್ಲಿ ಮಾತ್ರ ಬೇನೆ ಕಾಣಬಹುದು. ಆದುದರಿಂದ "ಎಕ್ಸ್‌ರೇಯಲ್ಲಿ ಏನೂ ಇಲ್ಲ" ಎಂಬುದು ಮಗು ಸುಳ್ಳು ಹೇಳಿತೆಂಬುದಕ್ಕೆ ಸಾಕ್ಷಿಯಲ್ಲ.

ಹಾಗೆಂದು ಸೊಂಟನೋವೆಲ್ಲ ಉರಿಯೂತವೇ ಎಂದು ನಾವೇ ತೀರ್ಮಾನಿಸುವುದೂ ಸಲ್ಲದು. ಕರುಳಿಗಾಗಿ ಬಹುಕಾಲ ಸ್ಟಿರಾಯ್ಡ್ ತೆಗೆದುಕೊಂಡ ಮಕ್ಕಳ ಮೂಳೆ ತೆಳುವಾಗಿ, ಬೆನ್ನಿನ ಮಣಿಗಳು ಕುಸಿದು ನೋಯಬಹುದು. ನಮ್ಮ ದೇಶದಲ್ಲಿ ಕ್ಷಯವನ್ನಂತೂ ಮರೆಯುವಂತಿಲ್ಲ. ಕರುಳಿನ ಕ್ಷಯ ಕ್ರೋನ್ಸ್ ಕಾಯಿಲೆಯ ವೇಷದಲ್ಲಿಯೇ ಬರುತ್ತದೆ. ಬೆನ್ನುಮೂಳೆಗೂ ಕ್ಷಯ ಬರುತ್ತದೆ. ಈ ರೋಗದ ಚಿಕಿತ್ಸೆಗೆ ನಾವು ನೆಲೆಸಿರುವ ನಗರವೇ ಜಗತ್ತಿಗೆ ದಾರಿ ತೋರಿಸಿದೆ. 1956ರಲ್ಲಿ ಚೆಟ್‌ಪೆಟ್ಟಿನಲ್ಲಿ ಆರಂಭವಾದ ಕ್ಷಯ ಸಂಶೋಧನ ಕೇಂದ್ರವು, ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲಿಯೇ ಔಷಧಿ ಕೊಟ್ಟರೂ ಸ್ಯಾನಟೋರಿಯಮ್ಮಿನಷ್ಟೇ ಫಲವುಂಟೆಂದು 1959ರಲ್ಲಿ ತೋರಿಸಿಕೊಟ್ಟಿತು. ಕ್ಷಯಕ್ಕೆ ಮದ್ದುಂಟು, ಆದರೆ ಅದನ್ನು ಮೊದಲು ಗುರುತಿಸಬೇಕು. ಕರುಳಿನ ಉರಿಯೂತಕ್ಕೆ ಕೊಡುವ ಕೆಲವು ಪ್ರಬಲ ಔಷಧಿಗಳು ಅಡಗಿರುವ ಕ್ಷಯವನ್ನು ಕೆರಳಿಸುವುದರಿಂದ, ಅವನ್ನು ಆರಂಭಿಸುವ ಮುನ್ನ ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ.

ಇನ್ನು ಔಷಧಿಯ ಮಾತು. ಅಂಗಡಿಯಿಂದ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಮಾತ್ರೆ ತಂದು ಕೊಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಸೊಂಟಕ್ಕೆ ಹಿತವಾದ ಈ ಮಾತ್ರೆಗಳು ಮಲಗಿದ್ದ ಕರುಳುಬೇನೆಯನ್ನು ಎಬ್ಬಿಸಬಹುದು. ವೈದ್ಯರನ್ನು ಕೇಳದೆ ಕೊಡಬಾರದು. ಕರುಳಿಗೂ ಕೀಲಿಗೂ ಇರುವ ನಂಟನ್ನು ಔಷಧಿಗಳ ಇತಿಹಾಸವೇ ಸಾರುತ್ತದೆ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುವಾತಕ್ಕೆಂದು ರೂಪಿಸಿದ ಸಲ್ಫಸಲಜಿನ್, ಕೊಲೈಟಿಸಿಗೂ ಗುಣಕಾರಿಯೆಂದು ಆಕೆಯೇ 1942ರಲ್ಲಿ ವರದಿಮಾಡಿದರು. ಕೈಕಾಲಿನ ಕೀಲುಗಳಿಗೆ ಅದು ಇಂದಿಗೂ ಉಪಯುಕ್ತ. ಬೆನ್ನಿಗೆ ಅಷ್ಟಾಗಿ ಸಲ್ಲದು. ಇನ್‌ಫ್ಲಿಕ್ಸಿಮಾಬ್, ಅಡಲಿಮುಮಾಬ್ ಎಂಬ ಚುಚ್ಚುಮದ್ದುಗಳು ಕರುಳು ಬೆನ್ನು ಎರಡಕ್ಕೂ ಕೆಲಸಮಾಡುತ್ತವೆ. ಬೆಲೆ ಮಾತ್ರ ಹೆಚ್ಚು.

ನಮ್ಮಂಥ ಸಂಸಾರಗಳಿಗೆ ಇಲ್ಲಿ ಒಂದು ವಿಶೇಷ ತೊಡಕುಂಟು. ಹೊಟ್ಟೆಗೆ ಒಬ್ಬ ವೈದ್ಯರು, ಮೂಳೆಗೆ ಇನ್ನೊಬ್ಬರು. ಒಂದೇ ಕಡತದ ಎರಡು ಹಾಳೆ ಎರಡು ಶಾಖೆಗಳಿಗೆ ಹೋದಂತೆ ಹೊಟ್ಟೆಯ ವಿಚಾರ ಮೂಳೆಯವರಿಗೂ, ಸೊಂಟದ ವಿಚಾರ ಹೊಟ್ಟೆಯವರಿಗೂ ತಲುಪುವುದೇ ಇಲ್ಲ. ಮೇಲಾಗಿ ಭಾಷೆ. ಹೊಸದಾಗಿ ಊರಿನಿಂದ ಬಂದ ಮಗು "ಬೆಳಿಗ್ಗೆ ಹಿಡಿದುಕೊಂಡಿರುತ್ತದೆ" ಎಂದರೆ ನಾವು ಅದನ್ನು ಬರಿಯ "ವಲಿ" ಎಂದು ವೈದ್ಯರಿಗೆ ತಿಳಿಸಿಬಿಡುತ್ತೇವೆ. ನೋವೆಂಬುದು ಉಳಿಯಿತು, ಬೆಳಗಿನ ಬಿಗಿತವೆಂಬ ಮುಖ್ಯ ಸುಳಿವೇ ಬಿಟ್ಟುಹೋಯಿತು! ಸೊಂಟಕ್ಕೆ ಇಡುಪ್ಪು, ಬೆನ್ನಿಗೆ ಮುದುಗು, ಕೀಲಿಗೆ ಮೂಟ್ಟು, ಹಿಮ್ಮಡಿಗೆ ಕುದಿಕಾಲ್ ಎಂಬ ಮಾತುಗಳನ್ನು ತಿಳಿದಿರುವುದು ಒಳ್ಳೆಯದು. ಎರಡು ವಾರಗಳ ಕಾಲ ಒಂದು ನೋಟುಪುಸ್ತಕದಲ್ಲಿ ನೋವು ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಆ ದಿನ ಹೊಟ್ಟೆ ಹೇಗಿತ್ತು ಎಂಬುದನ್ನು ಬರೆದಿಡಬೇಕು. ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಹೋದರೂ ನುಂಗಂಬಾಕಮ್ಮಿನ ಕಂಚಿ ಕಾಮಕೋಟಿ ಚೈಲ್ಡ್ಸ್ ಟ್ರಸ್ಟ್ ಆಸ್ಪತ್ರೆಗೆ ಹೋದರೂ ಆ ಪುಸ್ತಕವನ್ನೂ ಹಳೆಯ ಚೀಟಿಗಳನ್ನೂ ಜೊತೆಗೊಯ್ಯಬೇಕು.

ಶಾಲೆಯವರಿಗೂ ಒಂದು ಕಾಗದ ಬರೆಯುವುದು ಅವಶ್ಯ. ಬೆಳಗಿನ ಪ್ರಾರ್ಥನೆಗೆ ಕುಂಟುತ್ತ ಬಂದ ಹುಡುಗ ಸಂಜೆ ಆಟದಲ್ಲಿ ಓಡುವುದನ್ನು ಕಂಡು, ಸೋಮಾರಿ, ನಟನೆ ಎನ್ನುವವರು ಅನೇಕರು. ಆದರೆ ಈ ಬೇನೆಯ ಸ್ವಭಾವವೇ ಹಾಗೆ. ಓಡಾಟ, ಈಜು, ವೈದ್ಯರು ಹೇಳಿಕೊಟ್ಟ ಅಂಗಸಾಧನೆ ಇವುಗಳಿಂದ ಹಿತವೇ ಆಗುತ್ತದೆ. ಕಾಲಕ್ಕೆ ಸರಿಯಾಗಿ ಚಿಕಿತ್ಸೆ ದೊರೆತರೆ ಬೆನ್ನು ಬಿಗಿದು ಬಾಗದಂತಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಮೊದಲು ಮನೆಯಲ್ಲಿ ನಾವು ಮಗುವಿನ ಮಾತನ್ನು ನಂಬಬೇಕು.