ಅಂಗಾಲಿನ ಹುಣ್ಣಿಗೆ ರಕ್ತದ ಸಾಕ್ಷ್ಯ

ಮಲೆಯ ಮಹದೇಶ್ವರನ ಬೆಟ್ಟಕ್ಕೆ ಬರಿಗಾಲಿನಲ್ಲಿ ನಡೆದುಹೋಗುವುದು ಚಾಮರಾಜನಗರ ಸೀಮೆಯ ಭಕ್ತರಿಗೆ ಹೊಸದಲ್ಲ. ಮುಳ್ಳು ತಾಗಿದರೆ ನೋವೇ ಎಚ್ಚರಿಸುತ್ತದೆ. ನಡೆಯುವವನು ನಿಂತು ಅದನ್ನು ಕಿತ್ತು ಮುಂದುವರಿಯುತ್ತಾನೆ. ಆದರೆ ಬಹುಕಾಲ ಮಧುಮೇಹದಿಂದ ನರಗಳು ಮರಗಟ್ಟಿದ ಪಾದಕ್ಕೆ ಈ ಎಚ್ಚರಿಕೆ ಎಲ್ಲಿಯದು? ಬೆಟ್ಟದ ದಾರಿಯೇ ಆಗಬೇಕೆಂದಿಲ್ಲ. ಗುಂಡ್ಲುಪೇಟೆಯ ಚೆಂಡುಹೂವಿನ ಹೊಲದಲ್ಲಿ ಚುಚ್ಚಿದ ಕೂಳೆಯೂ ಸಾಕು. ನೋವಿಲ್ಲವೆಂದು, ಊರಲ್ಲೇ ಬೆಳೆದ ಅರಿಸಿನ ಮೆತ್ತಿ ಸುಮ್ಮನಿದ್ದರೆ ಗಾಯ ಹುಣ್ಣಾಗಿ ಮೂಳೆಯವರೆಗೂ ಇಳಿಯಬಹುದು.

ಆಗ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: ಕಾಲು ಉಳಿಯುತ್ತದೆಯೇ?

ಉತ್ತರದ ಕೆಲವು ಸುಳಿವುಗಳು ರಕ್ತದಲ್ಲಿಯೇ ಉಂಟು. ವೈದ್ಯರು ಅವನ್ನು ಜೈವಿಕ ಸೂಚಕಗಳೆನ್ನುತ್ತಾರೆ. ಅವುಗಳಲ್ಲಿ ಹಳೆಯದೂ ಅಗ್ಗವಾದುದೂ ಇ.ಎಸ್.ಆರ್. ಪರೀಕ್ಷೆ. ನಿಲ್ಲಿಸಿದ ಕೊಳವೆಯಲ್ಲಿ ರಕ್ತದ ಕೆಂಪುಕಣಗಳು ಒಂದು ಗಂಟೆಗೆ ಎಷ್ಟು ಮಿಲಿಮೀಟರು ಇಳಿದವೆಂಬುದೇ ಅದರ ಲೆಕ್ಕ. ಉರಿಯೂತ ಹೆಚ್ಚಿದಂತೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಹುಣ್ಣಿರುವವರಲ್ಲಿ ಅದು 70 ದಾಟಿದರೆ ಮೂಳೆಗೂ ಸೋಂಕು ತಗಲಿತೇ ಎಂದು ಶಂಕಿಸಬೇಕಾಗುತ್ತದೆ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ವರದಿಮಾಡಿದ ಸಿ.ಆರ್.ಪಿ. ಎಂಬ ಪ್ರೋಟೀನು ಇನ್ನೂ ಚುರುಕು. ಸೋಂಕಿನೊಡನೆ ಒಂದೆರಡು ದಿನದಲ್ಲೇ ಏರುತ್ತದೆ. ಚಿಕಿತ್ಸೆ ಫಲಿಸಿದರೆ ಬೇಗನೆ ತಗ್ಗುತ್ತದೆ. ಆದುದರಿಂದ ಒಂದು ದಿನದ ಅಂಕಿಗಿಂತ, ಅದು ದಿನೇ ದಿನೇ ಇಳಿಯುತ್ತಿದೆಯೇ ಎಂಬುದೇ ಮುಖ್ಯ.

ಯಕೃತ್ತು ತಯಾರಿಸುವ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಮಿಗಿಂತ ಕಡಿಮೆಯಾದವರಲ್ಲಿ ಹುಣ್ಣು ಮಾಯುವುದು ತಡ. ಇದನ್ನು ಬರಿಯ ಊಟದ ಕೊರತೆಯೆಂದು ಎಣಿಸಲಾಗದು. ಸೋಂಕೂ ಅದನ್ನು ಕುಗ್ಗಿಸುತ್ತದೆ. ಸೋಜಿಗವೆಂದರೆ, ರೋಗಿಗಳು ಎಲ್ಲಕ್ಕಿಂತ ಹೆಚ್ಚು ನೆಚ್ಚುವ ಎಚ್‌ಬಿಎ1ಸಿ—ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರುವ ಪರೀಕ್ಷೆ—ಹುಣ್ಣು ಮಾಯುವುದೋ ಇಲ್ಲವೋ ಎಂಬ ವಿಷಯದಲ್ಲಿ ಅಷ್ಟು ಖಚಿತವಾಗಿ ನುಡಿಯುವುದಿಲ್ಲ. ಅಧ್ಯಯನಗಳ ಫಲ ಒಂದೇ ತೆರನಾಗಿಲ್ಲ. ಹಾಗೆಂದು ಸಕ್ಕರೆಯನ್ನು ಹತೋಟಿಯಲ್ಲಿಡದೆ ಬಿಡುವಂತೆಯೂ ಇಲ್ಲ.

ಈ ಸಾಕ್ಷಿಗಳಲ್ಲಿ ಯಾವುದೂ ಒಂಟಿಯಾಗಿ ನಂಬತಕ್ಕುದಲ್ಲ. ನೆಗಡಿ ಜ್ವರಕ್ಕೂ ಸಿ.ಆರ್.ಪಿ. ಏರುತ್ತದೆ, ರಕ್ತಹೀನತೆಯಿಂದಲೂ ಇ.ಎಸ್.ಆರ್. ಹೆಚ್ಚುತ್ತದೆ. ಪಾದಕ್ಕೆ ರಕ್ತವೇ ಸಾಲದಷ್ಟು ನಾಳಗಳು ಕಿರಿದಾಗಿದ್ದರೆ ಆ ಸಂಗತಿಯನ್ನು ಇವು ಹೇಳಲಾರವು. ಅದಕ್ಕೆ ಪಾದದ ನಾಡಿಯನ್ನು ಮುಟ್ಟಿಯೇ ನೋಡಬೇಕು. ಹುಣ್ಣಿನ ಮೇಲೆ ಮೈಭಾರ ಬೀಳದಂತೆ ಕಾಲಿಗೆ ಪಟ್ಟು ಹಾಕದಿದ್ದರಂತೂ ಎಂಥ ಒಳ್ಳೆಯ ಅಂಕಿಯೂ ವ್ಯರ್ಥ.

ಮೊದಲ ಪರೀಕ್ಷೆಗೆ ಮೈಸೂರಿನ ಬಸ್ಸು ಹಿಡಿಯಬೇಕಾಗಿಲ್ಲ. ಚಾಮರಾಜನಗರದಲ್ಲಿಯೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಚಿಕಿತ್ಸೆ ನಡೆದೂ ನಾಲ್ಕು ವಾರಗಳಲ್ಲಿ ಹುಣ್ಣಿನ ವಿಸ್ತಾರ ಅರ್ಧಕ್ಕೆ ಇಳಿಯದಿದ್ದರೆ ಮಾತ್ರ, ರಕ್ತನಾಳದ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೊರಡಲು ತಡಮಾಡಬಾರದು.