ಲೈಟ್ ಹತ್ತಿಲ್ಲ ಅಂದ್ರ ಪೆಟ್ರೋಲ್ ಐತೇನು?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದ ನನ್ನ ಗಾಡಿ ನವಲೂರು ಸೇತುವೆಯ ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಮೀಟರಿನಲ್ಲಿ ಪೆಟ್ರೋಲ್ ದೀಪ ಹತ್ತಿರಲಿಲ್ಲ. ದೀಪ ಹತ್ತಿಲ್ಲವೆಂದ ಮೇಲೆ ಪೆಟ್ರೋಲ್ ಇದ್ದೇ ಇದೆ ಎಂದುಕೊಂಡು ಪ್ಲಗ್ ಬಿಚ್ಚಿ ಒರೆಸುತ್ತ ಕೂತೆ. ಪಕ್ಕದ ದಾರಿಯಲ್ಲಿ ಚಿಗರಿ ಬಸ್ಸುಗಳು ಒಂದರ ಹಿಂದೊಂದು ಹೋದವು. ಅರ್ಧ ತಾಸಿನ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲುಗಾಡಿಸಿದರೆ, ಬಲಬದಿಯ ತಳದಲ್ಲೆಲ್ಲೋ ಒಂದು ಗುಟುಕು ಕುಲುಕಿದ ಸದ್ದು, ಅಷ್ಟೇ.

ಮರುದಿನ ಹಳೇ ಹುಬ್ಬಳ್ಳಿಯ ಮಿಸ್ತ್ರಿ ಕಾಕಾ ನಕ್ಕರು. "ತಮ್ಮಾ, ಆ ದೀಪಕ್ಕ ಪೆಟ್ರೋಲ್ ಎಷ್ಟೈತಿ ಅನ್ನೂದು ಗೊತ್ತಾಗೂದಿಲ್ಲ. ತಾನಿದ್ದ ಜಾಗಾ ಹಸಿ ಐತೋ ಒಣಗೇತೋ, ಅಷ್ಟ ಅದಕ್ಕ ಗೊತ್ತು."

ನಮ್ಮ ತಪ್ಪು ಕಲ್ಪನೆಗಳೆಲ್ಲ ಹುಟ್ಟುವುದು ಇಲ್ಲೇ. ಈ ದೀಪ ಪೆಟ್ರೋಲ್ ಅಳೆಯುತ್ತದೆ ಎಂದು ನಾವು ನಂಬಿದ್ದೇವೆ. ಬಹಳ ಗಾಡಿಗಳಲ್ಲಿ ಟ್ಯಾಂಕಿನ ತಳದ ಹತ್ತಿರ ಥರ್ಮಿಸ್ಟರ್ ಎಂಬ ಪುಟ್ಟ ಮಣಿ ಇರುತ್ತದೆ. ಬಿಸಿಯಾದಷ್ಟೂ ಅದು ಕರೆಂಟನ್ನು ಸಲೀಸಾಗಿ ಬಿಡುತ್ತದೆ. ಪೆಟ್ರೋಲಿನಲ್ಲಿ ಮುಳುಗಿರುವಾಗ ತಣ್ಣಗಿರುತ್ತದೆ, ದೀಪ ಉರಿಯುವಷ್ಟು ಕರೆಂಟ್ ಹರಿಯುವುದಿಲ್ಲ. ಪೆಟ್ರೋಲ್ ಕೆಳಗಿಳಿದು ಮಣಿ ಗಾಳಿಗೆ ಬಿದ್ದಾಗ ತನ್ನಲ್ಲಿ ಹರಿಯುವ ಕರೆಂಟಿಗೇ ಕಾದು ದಾರಿ ಬಿಡುತ್ತದೆ, ದೀಪ ಹತ್ತುತ್ತದೆ. ಮಣಿ ಕಾಯಲು ಹೊತ್ತು ಬೇಕು. ಚಾವಿ ತಿರುಗಿಸಿದ ಗಳಿಗೆಯಲ್ಲೇ ಹತ್ತಲಿಲ್ಲವೆಂದು ದೀಪವನ್ನು ಬೈಯಬಾರದು. ಇನ್ನು ಕೆಲವು ಗಾಡಿಗಳಲ್ಲಿ ತೇಲುಬುರುಡೆ ಇರುತ್ತದೆ. ಅದು ತೂತು ಬಿದ್ದು ಮುಳುಗಿದರೆ ಟ್ಯಾಂಕ್ ತುಂಬಿದ್ದರೂ ದೀಪ ಆರುವುದಿಲ್ಲ.

ಮಣಿಗಾಗಲಿ ಬುರುಡೆಗಾಗಲಿ ಗೊತ್ತಾಗುವುದು ತಾನಿದ್ದ ಜಾಗದ ಸುದ್ದಿ ಮಾತ್ರ. ಏರು ಹತ್ತುವಾಗ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಸೈಡ್ ಸ್ಟ್ಯಾಂಡಿಗೆ ಹಾಕಿದಾಗ ಎಡಕ್ಕೆ. ಹಾಗಾಗಿ ಪೆಟ್ರೋಲ್ ಕಡಿಮೆಯಾದ ಹೊತ್ತಿನಲ್ಲಿ ದೀಪ ಒಮ್ಮೆ ಹತ್ತಿ ಒಮ್ಮೆ ಆರಿದರೆ ಅದು ಕೆಟ್ಟಿದೆ ಎಂದೇನಲ್ಲ.

"ಮೀಟರ್ ಹೋಗೇತಿ, ಪೂರ್ತಿ ಸೆಟ್ ಬದಲಿ ಮಾಡ್ಸು" ಎಂದು ನಮ್ಮ ಭಾವ ಫೋನಿನಲ್ಲೇ ತೀರ್ಪು ಕೊಟ್ಟಿದ್ದ. ಮಿಸ್ತ್ರಿ ಕಾಕಾ ಮೀಟರಿಗೆ ಕೈ ಹಚ್ಚಲೇ ಇಲ್ಲ. ಸೀಟ್ ತೆಗೆದು, ಟ್ಯಾಂಕ್ ತುಸು ಎತ್ತಿ, ಅಡಿಯಲ್ಲಿದ್ದ ಎರಡು ವೈರಿನ ಕಪ್ಲರ್ ಬಿಚ್ಚಿದರು. ಮೀಟರಿನ ಕಡೆಯ ಎರಡೂ ಕಾಲುಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ ಚಾವಿ ಹಾಕಿದರು. ದೀಪ ಫಕ್ಕನೆ ಹತ್ತಿತು. ಅಂದರೆ ಬಲ್ಬು, ಫ್ಯೂಸು, ಮೀಟರು ಎಲ್ಲ ಸರಿ. ತೊಂದರೆ ಕಪ್ಲರಿನಲ್ಲಿ ಇಲ್ಲವೇ ಟ್ಯಾಂಕಿನೊಳಗೆ. ಹತ್ತದಿದ್ದರೆ ಬಲ್ಬನ್ನೋ ವೈರನ್ನೋ ಹುಡುಕಬೇಕಿತ್ತು. ಕಪ್ಲರನ್ನು ಬೆಳಕಿಗೆ ಹಿಡಿದರೆ ಹಿತ್ತಾಳೆ ಕಾಲಿನ ಮೇಲೆ ಹಸಿರು ಕಿಲುಬು. ಪ್ರೆಶರಿನಲ್ಲಿ ನೀರು ಹೊಡೆದು ಗಾಡಿ ತೊಳೆಸುವ ನನ್ನ ಚಟದ ಫಲ. ಕೆರೆದು, ಒರೆಸಿ, ಬಿಗಿಯಾಗಿ ಕೂಡಿಸಿದರು. ಐವತ್ತು ರೂಪಾಯಿ ಇಸಿದುಕೊಂಡರು.

ವೈರ್ ಕೂಡಿಸುವ ಈ ಪರೀಕ್ಷೆ ಥರ್ಮಿಸ್ಟರ್ ದೀಪಕ್ಕೆ ಮಾತ್ರ. ತೇಲುಬುರುಡೆ, ಡಿಜಿಟಲ್ ಮೀಟರ್ ಇರುವ ಗಾಡಿಯಲ್ಲಿ ಕಂಪನಿಯ ಸರ್ವೀಸ್ ಪುಸ್ತಕ ನೋಡದೆ ಹೀಗೆ ಮಾಡಬೇಡಿ. ಟ್ಯಾಂಕಿನ ಬಾಯಿ ತೆರೆದಿದ್ದಾಗಲಂತೂ ಯಾವ ಗಾಡಿಯಲ್ಲೂ ಬೇಡ. ಕಡ್ಡಿ ಗೀರಿ ಟ್ಯಾಂಕಿನೊಳಗೆ ಇಣುಕುವ ಧೀರರು ನಮ್ಮಲ್ಲಿ ಇನ್ನೂ ಇದ್ದಾರೆ; ಅವರಿಗೆ ಏನು ಹೇಳುವುದು!

ಎಥನಾಲ್ ಕೂಡಿಸಿದ ಪೆಟ್ರೋಲ್ ಬಂದ ಮೇಲೆ ದೀಪ ಕೆಟ್ಟಿತು ಎನ್ನುವವರಿದ್ದಾರೆ. ಎಥನಾಲ್ ನೀರು ಹೀರುತ್ತದೆ ಎಂಬುದು ನಿಜ. ಆದರೂ ಮೊದಲು ಕಪ್ಲರ್ ನೋಡಿ.

ರಿಸರ್ವ್ ಎಂದರೆ ಟ್ಯಾಂಕಿನೊಳಗೆ ಇನ್ನೊಂದು ಪುಟ್ಟ ಟ್ಯಾಂಕ್ ಎಂಬ ನಂಬಿಕೆಯೂ ಗಟ್ಟಿ. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯಜ್ದಿ ಬೈಕ್ ಓಡಿಸಿದವರಿಗೆ ರಿಸರ್ವಿಗೆಂದು ಟ್ಯಾಂಕಿನಡಿಯ ನಲ್ಲಿ ತಿರುಗಿಸುವುದು ಕೈಗೆ ಬಂದ ಅಭ್ಯಾಸ. ನಲ್ಲಿಯ ಮೇಲೆ ಎರಡು ದಾರಿ, ಒಂದರ ಬಾಯಿ ಎತ್ತರಕ್ಕೆ, ಇನ್ನೊಂದರದು ತಳಕ್ಕೆ, ಟ್ಯಾಂಕ್ ಒಂದೇ. 2020ರ ಏಪ್ರಿಲಿನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು, ಅದರ ಜೊತೆಗೆ ನಲ್ಲಿಯೂ ಹೋಯಿತು. ಅಂಥ ಗಾಡಿಗಳಲ್ಲಿ ರಿಸರ್ವಿನ ಸುಳಿವು ಈಗ ಮೀಟರಿನಲ್ಲೇ. ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದೂ ಪೆಟ್ರೋಲೇ, ಆದ್ದರಿಂದ "ಲೈಟ್ ಹತ್ತಿದ ಮ್ಯಾಲೆ ಇನ್ನೂ ಐವತ್ತು ಕಿಲೋಮೀಟರ್ ಬಿಂದಾಸ್" ಎಂಬ ಲೆಕ್ಕ ದುಬಾರಿ ಬೀಳಬಹುದು. ನಾನೀಗ ಟ್ಯಾಂಕ್ ತುಂಬಿಸಿದೊಡನೆ ಟ್ರಿಪ್ ಮೀಟರ್ ಸೊನ್ನೆಗೆ ತರುತ್ತೇನೆ. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿಗೆ ಹುಬ್ಬಳ್ಳಿ-ಧಾರವಾಡದ ಸುಮಾರು 20 ಕಿ.ಮೀ. ಎಂದರೆ 400 ಮಿಲಿ; ಹೋಗಿ ಬರಲು ಒಂದು ಲೀಟರಿಗೂ ಕಡಿಮೆ.

ಇನ್ನು ಗಾಡಿ ನಿಂತಾಗ ಎಡಕ್ಕೆ ಮಲಗಿಸಿ ಎಬ್ಬಿಸುವ ಪದ್ಧತಿ. ಅದನ್ನು ನಾನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದ್ದೆ. ಕಾಕಾ ತಿದ್ದಿದರು. ಟ್ಯಾಂಕ್ ಕುದುರೆಯ ಜೀನಿನಂತೆ ಫ್ರೇಮಿನ ಎರಡೂ ಬದಿಗೆ ಇಳಿಬಿದ್ದಿರುತ್ತದೆ. ನಲ್ಲಿಯೋ ಪಂಪೋ ಒಂದು ಬದಿಗಿದ್ದರೆ, ಇನ್ನೊಂದು ಬದಿಯಲ್ಲಿ ಸಿಕ್ಕಿಕೊಂಡ ಪೆಟ್ರೋಲ್ ಮಲಗಿಸಿದಾಗ ದಿಬ್ಬ ದಾಟಿ ಈಚೆ ಬರುತ್ತದೆ. ಬಂಕ್ ಮುಟ್ಟುವಷ್ಟು ದಾರಿ ಸಾಗುತ್ತದೆ. ನವಲೂರಿನಲ್ಲಿ ನನ್ನ ಟ್ಯಾಂಕಿನ ಬಲಬದಿಯಲ್ಲಿ ಕುಲುಕಿದ್ದು ಅದೇ ಗುಟುಕು. ನಾನು ಪ್ಲಗ್ ಒರೆಸುತ್ತ ಕೂತಿದ್ದೆ.