ಪೆಡಲಿನಡಿಯ ಒಂದು ಲೀಟರ್

ಚೆನ್ನೈಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ, ಶ್ರೀಪೆರಂಬದೂರಿನ ಬಳಿ, ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ಸಿಗುತ್ತದೆ. ಒಂದು ಸುತ್ತಿಗೆ 3.7 ಕಿ.ಮೀ. ಸ್ವಂತ ಕಾರನ್ನೇ ಟ್ರ್ಯಾಕಿಗಿಳಿಸಬಹುದಾದ ‘ಟ್ರ್ಯಾಕ್ ಡೇ’ ಇದ್ದಾಗ ಬೆಂಗಳೂರಿನಿಂದ ಹಿಂದಿನ ಸಂಜೆಯೇ ಹೊರಟು ಅಲ್ಲಿಗೆ ಹೋಗುವವರಲ್ಲಿ ನಾನೂ ಒಬ್ಬ. ಮೊದಲ ವರ್ಷ ಎರಡನೇ ಸೆಷನ್ನಿನ ಐದನೇ ಸುತ್ತಿನಲ್ಲಿ, ನೇರ ದಾರಿ ಮುಗಿಯುವ ಕಡೆ ಬ್ರೇಕ್ ತುಳಿದೆ. ಅರ್ಧಕ್ಕೇ ಗಟ್ಟಿಯಾಗಿ ನಿಲ್ಲಬೇಕಿದ್ದ ಪೆಡಲು ಹಸಿ ಕೆಸರಿನಲ್ಲಿ ಕಾಲಿಟ್ಟ ಹಾಗೆ ಇಳಿಯುತ್ತಲೇ ಹೋಯಿತು. ಬಿಟ್ಟು ಮತ್ತೆ ತುಳಿದೆ, ಮತ್ತೂ ತುಳಿದೆ. ಮೂರನೆಯದಕ್ಕೆ ಹಿಡಿತ ಸಿಕ್ಕಿತು. ಅಷ್ಟರಲ್ಲಿ ಎಡಗಡೆಯ ಎರಡು ಚಕ್ರ ಹುಲ್ಲಿಗಿಳಿದಿದ್ದವು.

ಪಿಟ್‌ಗೆ ಬಂದವನು ಪ್ಯಾಡುಗಳನ್ನು ಬೈಯತೊಡಗಿದೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಹೇಳಿದರು: "ಪೆಡಲು ಗಟ್ಟಿ ಇದ್ದು ಗಾಡಿ ನಿಲ್ಲಲಿಲ್ಲ ಅಂದ್ರೆ ಪ್ಯಾಡು ಸಾರ್. ಪೆಡಲೇ ಕೆಳಗೆ ಹೋಯ್ತು ಅಂದ್ರೆ ಆಯಿಲ್ಲು." ಬ್ರೇಕಿನ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲ ಈ ಎರಡು ವಾಕ್ಯದ ವಿವರಣೆ ಅಷ್ಟೆ.

ಬ್ರೇಕಿನ ಕೆಲಸ ವೇಗವನ್ನು ಬಿಸಿಯಾಗಿ ಬದಲಿಸುವುದು. 1,400 ಕೆ.ಜಿ. ತೂಕದ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಅದೂ ಒಂದೇ ಒಂದು ಸಲ ಬ್ರೇಕ್ ಹಾಕಿದ್ದಕ್ಕೆ. ಟ್ರ್ಯಾಕಿನಲ್ಲಿ ಇದು ಪ್ರತಿ ಸುತ್ತಿನಲ್ಲೂ ಹಲವು ಸಲ ನಡೆಯುತ್ತದೆ. ಆ ಬಿಸಿ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರ್ ಪಿಸ್ಟನ್ನಿಗೆ, ಪಿಸ್ಟನ್ನಿನ ಬೆನ್ನಿಗಿರುವ ದ್ರವಕ್ಕೆ ದಾಟುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆದ್ದರಿಂದಲೇ ನಮ್ಮ ಕಾಲಿನ ಒತ್ತಡ ಚಕ್ರ ಮುಟ್ಟುತ್ತದೆ. ಕುದಿದು ಆವಿಯ ಗುಳ್ಳೆ ಎದ್ದರೆ ನಾವು ತುಳಿದದ್ದೆಲ್ಲ ಆ ಗುಳ್ಳೆಯನ್ನು ಅದುಮುವುದಕ್ಕೇ ಖರ್ಚಾಗುತ್ತದೆ. ಮೋಸ ಇರುವುದು ಇದರ ಮುಂದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಗ್ಯಾರೇಜಿನಲ್ಲಿ ಯಾರು ತುಳಿದು ನೋಡಿದರೂ "ಚೆನ್ನಾಗೇ ಇದೆಯಲ್ಲ" ಎನ್ನುತ್ತಾರೆ.

ನಾವೆಲ್ಲ ಬ್ರೇಕ್ ಆಯಿಲ್ ಎಂದೇ ಕರೆದರೂ ಅದು ಎಣ್ಣೆಯಲ್ಲ. ಸಾಮಾನ್ಯ ಕಾರುಗಳಲ್ಲಿರುವುದು ಗ್ಲೈಕಾಲ್ ಈಥರ್ ಮೂಲದ ದ್ರವ. ನಿಜವಾದ ಎಣ್ಣೆ ಅದಕ್ಕೆ ಶತ್ರು. ಎಂಜಿನ್ ಆಯಿಲ್ ಸುರಿದ ಆಲಿಕೆಯನ್ನೇ ಇದಕ್ಕೂ ಬಳಸಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ನೀರನ್ನು ಮಾತ್ರ ಅದು ಪ್ರೀತಿಯಿಂದ ಹೀರಿಕೊಳ್ಳುತ್ತದೆ. ರಬ್ಬರ್ ಹೋಸುಗಳ ಮೂಲಕ, ರಿಸರ್ವಾಯರ್ ಮುಚ್ಚಳದ ಉಸಿರುಗಂಡಿಯ ಮೂಲಕ ಗಾಳಿಯ ತೇವ ದಿನದಿನವೂ ಒಳಗೆ ಸೇರುತ್ತಿರುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ಅಮೆರಿಕದ ಮಾನದಂಡ ಹೇಳುತ್ತದೆ. ಶೇ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಸುಮಾರು ಒಂದು ಲೀಟರ್ ದ್ರವದಲ್ಲಿ ಎರಡು ಮೂರು ದೊಡ್ಡ ಚಮಚದಷ್ಟು ನೀರು ನುಂಗಿಹಾಕಿದ್ದು 75 ಡಿಗ್ರಿ! ಅಂದು ನನ್ನ ಕಾರಿನಲ್ಲಿದ್ದದ್ದು ಮೂರು ಮಳೆಗಾಲ ಕಂಡ ದ್ರವ.

ಹೊಸ ದ್ರವ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯ ಮೇಲೆ. ಮೋಟುಲ್ ಆರ್‌ಬಿಎಫ್ 600 ಹೊಸದಾಗಿದ್ದಾಗ 312 ಡಿಗ್ರಿ ತಡೆಯುತ್ತದೆ. ನೋಡಬೇಕಾದದ್ದು ಅದರ ಕೆಳಗಿರುವ ಇನ್ನೊಂದು ಸಂಖ್ಯೆಯನ್ನು, ತೇವ ಸೇರಿದ ಮೇಲಿನ ಕುದಿಬಿಂದುವನ್ನು. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ದುಬಾರಿ ಎಂದು ಹೆಸರಾದರೂ ರೇಸಿನವರು ಅದನ್ನು ಬಿಡದಿರುವುದು ಇದಕ್ಕೇ. ತೇವದಲ್ಲೂ ಅದು ಸುಮಾರು 270 ಡಿಗ್ರಿಗೆ ನಿಲ್ಲುತ್ತದೆ. ರೇಸ್ ದ್ರವಗಳನ್ನು ಆಗಾಗ ಬದಲಿಸುತ್ತಿರಬೇಕು. ವಾರವಿಡೀ ಆಫೀಸಿಗೆ ಓಡಾಡಿ ವರ್ಷಕ್ಕೆ ಎರಡು ಸಲ ಟ್ರ್ಯಾಕಿಗಿಳಿಯುವ ಕಾರಿಗೆ, ಎರಡು ವರ್ಷ ಹಾಗೇ ಬಿಟ್ಟ ರೇಸ್ ದ್ರವಕ್ಕಿಂತ ಪ್ರತಿ ವರ್ಷ ಬದಲಿಸುವ ಒಳ್ಳೆಯ ಡಾಟ್ 4 ಅಥವಾ ಡಾಟ್ 5.1 ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಎಬಿಎಸ್, ಇಎಸ್‌ಪಿ ಇರುವ ಕಾರುಗಳ ಕೈಪಿಡಿ ತೆಳುವಾದ ದ್ರವವನ್ನೇ ಕೇಳಿದ್ದರೆ ಅದನ್ನು ಮೀರಬೇಡಿ. ಅವುಗಳ ಸೂಜಿಗಂಡಿಯಂಥ ವಾಲ್ವುಗಳಲ್ಲಿ ದ್ರವ ಕ್ಷಣಕ್ಕೆ ಹಲವು ಸಲ ಓಡಾಡಬೇಕು. ಡಾಟ್ 5.1 ಮತ್ತು ಡಾಟ್ 5 ಅಣ್ಣತಮ್ಮಂದಿರಲ್ಲ. ಡಾಟ್ 5 ಸಿಲಿಕೋನ್ ಮೂಲದ್ದು, ಉಳಿದವುಗಳ ಜೊತೆ ಬೆರೆಯುವುದೇ ಇಲ್ಲ. ಅಂಗಡಿಯಲ್ಲಿ ಆ ಒಂದು ಚುಕ್ಕಿಯನ್ನು ಕಣ್ಣಿಟ್ಟು ಓದಿ.

ಟ್ರ್ಯಾಕಿಗೆ ಹೋಗದವರಿಗೂ ಈ ಮಾತು ಸಲ್ಲುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ತಡೆಯಲು ಬಿಡದೆ, ಪೆಡಲ್ ಮೇಲೇ ಕಾಲೂರಿ ಬರುವ ತುಂಬಿದ ಕಾರಿನ ಹಳೆಯ ದ್ರವವೂ ಕುದಿಯಬಲ್ಲದು.

ದ್ರವ ಬದಲಿಸುವ ಕೆಲಸಕ್ಕೆ ಇಬ್ಬರು ಬೇಕು. ನಮ್ಮ ಮನೆಯಲ್ಲಿ ಸೀಟಿನಲ್ಲಿ ಕೂರುವವಳು ಮಗಳು, ಚಕ್ರದ ಬಳಿ ಮಲಗುವವನು ನಾನು. ಮೊದಲು ರಿಸರ್ವಾಯರಿನ ಹಳೆಯ ದ್ರವವನ್ನು ಸಿರಿಂಜಿನಲ್ಲಿ ಎಳೆದು ತೆಗೆದು ಹೊಸದನ್ನು ತುಂಬುತ್ತೇನೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಅತಿ ದೂರದ್ದು ಹಿಂದಿನ ಎಡ ಚಕ್ರ. ಸಾಮಾನ್ಯವಾಗಿ ಶುರು ಅಲ್ಲಿಂದ, ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದರಂತೆ. ಬ್ಲೀಡ್ ನಿಪ್ಪಲ್ಲಿಗೆ ಮೊದಲು ರಿಂಗ್ ಸ್ಪ್ಯಾನರ್, ಅದರ ಮೇಲೆ ಪಾರದರ್ಶಕ ಟ್ಯೂಬು, ಟ್ಯೂಬಿನ ತುದಿ ಬಾಟಲಿಯಲ್ಲಿ ಹೊಸ ದ್ರವದೊಳಗೆ ಮುಳುಗಿರಬೇಕು. "ಒತ್ತು" ಎಂದರೆ ಅವಳು ನಿಧಾನವಾಗಿ ತುಳಿಯುತ್ತಾಳೆ. ನಾನು ಕಾಲು ಸುತ್ತು ಸಡಿಲಿಸುತ್ತೇನೆ. ಟ್ಯೂಬಿನಲ್ಲಿ ಡಿಕಾಕ್ಷನ್ ಬಣ್ಣದ್ದು ಸರಿಯುತ್ತದೆ. ಬಿಗಿ ಮಾಡಿದ ಮೇಲೆಯೇ "ಬಿಡು" ಎನ್ನುವುದು. ಈ ಕ್ರಮ ಒಮ್ಮೆ ತಪ್ಪಿದರೂ ಗಾಳಿ ಒಳಕ್ಕೆ. ಹಳೆಯ ಕಾರಾದರೆ ಪೆಡಲಿನಡಿ ಒಂದು ಮರದ ತುಂಡು ಇಡಬೇಕು. ಎಂದೂ ತಲುಪದ ಆಳಕ್ಕೆ ಪಿಸ್ಟನ್ ಇಳಿದರೆ ಮಾಸ್ಟರ್ ಸಿಲಿಂಡರಿನ ಸೀಲು ಹರಿಯಬಹುದು. ಏಳೆಂಟು ಸಲ ತುಳಿದಾದ ಮೇಲೆ ರಿಸರ್ವಾಯರ್ ನೋಡಲೇಬೇಕು, ಅದು ಬರಿದಾದರೆ ಇಡೀ ಕೆಲಸ ಮೊದಲಿಂದ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ಸ್ಕ್ಯಾನರ್ ಇರುವವರ ಬಳಿಯೇ ಹೋಗಬೇಕಾದೀತು. ಪೇಂಟಿನ ಮೇಲೆ ಹನಿ ಬಿದ್ದರೆ ಬಟ್ಟೆಯಲ್ಲಿ ಉಜ್ಜಬಾರದು, ತಕ್ಷಣ ನೀರು ಸುರಿಯಬೇಕು. ಹಲವು ಮ್ಯಾನ್ಯುಯಲ್ ಕಾರುಗಳಲ್ಲಿ ಕ್ಲಚ್ ಕೂಡ ಇದೇ ದ್ರವವನ್ನು ಕುಡಿಯುತ್ತದೆ, ಅದನ್ನು ಮರೆತವರೇ ಹೆಚ್ಚು.

ನಾಲ್ಕನೇ ಚಕ್ರದ ಟ್ಯೂಬಿನಲ್ಲಿ ಜೇನಿನ ಬಣ್ಣ ಕಂಡು, ಒಂದೂ ಗುಳ್ಳೆಯಿಲ್ಲದೆ ಹರಿದ ಮೇಲೆ ಮಗಳು ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯುತ್ತಾಳೆ. "ಇಳೀತಿಲ್ಲಪ್ಪ" ಎಂದಳೆಂದರೆ ನಾನು ನಿಪ್ಪಲ್ಲುಗಳನ್ನು ಒರೆಸಿ, ರಬ್ಬರ್ ಟೋಪಿಗಳನ್ನು ಹಾಕಿ, ರಿಸರ್ವಾಯರಿನ ಮುಚ್ಚಳಕ್ಕೆ ಅಂಟಿಸಿದ ಟೇಪಿನ ಮೇಲೆ ಆ ದಿನದ ತಾರೀಕು ಬರೆಯುತ್ತೇನೆ. ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡುವುದಿಲ್ಲ. ಸೀಲು ಒಡೆದ ಕ್ಷಣದಿಂದ ಅದೂ ನೀರು ಕುಡಿಯಲು ಶುರುಮಾಡಿರುತ್ತದೆ.